ಬಂಡೆಯ ಮೇಲೊಂದು ಒಡಪು

ಸವಣೂರಿನಿಂದ ತಂದ ಕುರುಕಲು ಖಾರದ ಪೊಟ್ಟಣ ಬಿಚ್ಚಿದೆ ನೋಡಿ, ಸುತ್ತಿದ ಪೇಪರಿನಲ್ಲಿ ಎಣ್ಣೆ ಕುಡಿದ ಒಂದು ಚಿತ್ರ: ಕಡಲ ಕೊಲ್ಲಿಯ ಬಂಡೆ, ಅದರ ಮೇಲೆ ಹಿಂದಿನ ಕಾಲದ ನಾವಿಕರು ಕೆತ್ತಿದ ಅಕ್ಷರ. ಖಾರ ತಿನ್ನುವುದನ್ನೇ ಮರೆತೆ ಎಂದರೆ ಸುಳ್ಳಾದೀತು. ತಿನ್ನುತ್ತಲೇ ದೊಡ್ಡವ್ವನನ್ನು ನೆನೆದು ನಕ್ಕೆ.

ಆ ಬಂಡೆಯನ್ನು ನಾನು ಕಂಡಿದ್ದೇನೆ. ಎಷ್ಟೋ ವರ್ಷಗಳ ಹಿಂದೆ ದೊಡ್ಡಪ್ಪ, ದೊಡ್ಡವ್ವರೊಂದಿಗೆ ಕಡಲು ನೋಡಲು ಹೋಗಿದ್ದೆ. ವೀಳ್ಯದೆಲೆ ತೋಟದ ದೊಡ್ಡಪ್ಪ ಊರ ಹತ್ತಿರದ ತಡಸ ದಾಟುವ ಮೊದಲೇ ಬುತ್ತಿ ಬಿಚ್ಚಿದ್ದ. ಕೊಲ್ಲಿಯಲ್ಲಿ ದೋಣಿಯವನೊಬ್ಬ ನಮ್ಮನ್ನು ಬಂಡೆಯ ಬುಡಕ್ಕೆ ಇಳಿಸಿದ. ಬಿರುಗಾಳಿ ಇಳಿಯುವವರೆಗೆ ಹಡಗಿನವರು ಇಲ್ಲಿ ಮರೆಯಲ್ಲಿ ಕೂತು ತಮ್ಮ ಹೆಸರು ಕೆತ್ತುತ್ತಿದ್ದರಂತೆ.

"ಹೆಸರು ಹಿಂಗ ಬಯಲಿಗೆ ಬರದಾರಲ್ಲ," ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹೆಂಡ್ತಿ ಬಂದು ಓದಬೇಕಂದ್ರ ಏನ್ ಮಾಡಬೇಕಪಾ?"

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವಂತಿಲ್ಲ. ಹೇಳಲೇಬೇಕಾದರೆ ಪ್ರಾಸ ಕಟ್ಟಿ, ಒಡಪಿನೊಳಗೆ ಇಟ್ಟು ಹೇಳಬೇಕು. ದೊಡ್ಡವ್ವ ಮದುವೆಯ ದಿನ ಹೇಳಿದ್ದೇ ಕೊನೆ. ಇನ್ನೊಮ್ಮೆ ಹೇಳೆಂದು ದೊಡ್ಡಪ್ಪ ಗೋಗರೆಯದ ಹಬ್ಬವಿರಲಿಲ್ಲ. "ಒಂದ್ಸಲ ಹೇಳೇನಿ, ಸಾಕ್ರಿ" ಎಂದು ಆಕೆ ಒಳಗೆ ಹೋಗಿಬಿಡುವಳು.

ಗಾಳಿ ಎದ್ದಿತು. ದೋಣಿಯವನು ಅವಸರ ಮಾಡಿದ. ನೋಡಿದರೆ ದೊಡ್ಡಪ್ಪ ಇಲ್ಲ. ನಾನು ಕೂಗಿದೆ. ದೊಡ್ಡವ್ವ "ಏನ್ರೀ" ಎಂದಳು. ಬಂಡೆ ನೋಡಲು ಬಂದಿದ್ದ ಬೇರೆ ಗಂಡಸರಲ್ಲಿ ಅರ್ಧ ಮಂದಿ ತಿರುಗಿ ನೋಡಿದರು. ಪಾಚಿಗಟ್ಟಿದ ಕಲ್ಲು, ಕೆಳಗೆ ನೀರು. ಆಕೆ ಅಂಚಿಗೆ ಬಂದು ಬಗ್ಗಿ ನೋಡಿದಳು. ನನಗೂ ಭಯವಾಯಿತು.

"ಹೆಸರು ಹಿಡಿದು ಕರೆಯಿರಿ ಅಮ್ಮ," ಎಂದ ದೋಣಿಯವನು.

ದೊಡ್ಡವ್ವ ಕಣ್ಣು ಮುಚ್ಚಿ ಗಂಟಲೆತ್ತಿದಳು: "ಸವಣೂರ ಎಲಿಗೆ ಹಚ್ಚೇನಿ ಬೆಣ್ಣಿಯಂಥ ಸುಣ್ಣ, ಮಡಚಿ ಕೊಟ್ರ ಮಲ್ಲಪ್ಪಗ ತುಟಿ ತುಂಬ ಬಣ್ಣ."

ಆ ಅವಸರದಲ್ಲೂ ಪೂರ್ತಿ ಒಡಪು, ಸುಣ್ಣವನ್ನೂ ಬಿಡಲಿಲ್ಲ. ಪಕ್ಕದ ಬಂಡೆಯ ಹಿಂದಿನಿಂದ ದೊಡ್ಡಪ್ಪ ಮೀಸೆ ತಿರುವುತ್ತ ಬಂದ. "ಮುಗೀತೇನು? ಇನ್ನೊಂದ ಸಾಲು ಇರಬೇಕಂತ ನಿಂತಿದ್ದೆ."

ವಾಪಸು ಶಿಗ್ಗಾವಿ ಬರುವವರೆಗೆ ದೊಡ್ಡವ್ವ ಅವನೊಂದಿಗೆ ಮಾತಾಡಲಿಲ್ಲ.

ಈ ಖಾರ ಕಟ್ಟಿಕೊಟ್ಟವಳೂ ಆಕೆಯೇ. ಹೋದ ವಾರ ಹೋದಾಗ ನೋಡಿದೆ, ದೊಡ್ಡಪ್ಪನಿಗೆ ಕಿವಿ ಮಂದವಾಗಿದೆ. ಊಟಕ್ಕೆ "ಏನ್ರೀ" ಎಂದರೆ ಏಳುವುದಿಲ್ಲ. ಆಕೆ ಗೊಣಗುತ್ತ ಅಡುಗೆಮನೆಯಿಂದಲೇ ಎಲೆ, ಸುಣ್ಣದಿಂದ ಒಡಪು ಶುರುಮಾಡಬೇಕು. ಪಾಪ, ಡಾಕ್ಟರಿಗೆ ತೋರಿಸಬೇಕು ಎಂದು ನನ್ನಷ್ಟಕ್ಕೆ ಅಂದುಕೊಂಡದ್ದು ಸ್ವಲ್ಪ ಬಾಯಿಗೂ ಬಂದಿರಬೇಕು.

"ಸುಮ್ಮನಿರೋ," ದೊಡ್ಡಪ್ಪ ಪಿಸುಗುಟ್ಟಿದ. "ಎಲ್ಲಾ ಕೇಳಸ್ತೈತಿ."

ಇದೋ, ಒಳಗಿನಿಂದ ನನ್ನ ಹೆಂಡತಿ ಕರೆಯುತ್ತಿದ್ದಾಳೆ. ಅವಳಿಗೆ ಒಡಪುಗಿಡಪು ಗೊತ್ತಿಲ್ಲ, ನೇರವಾಗಿ ಹೆಸರೇ. ಕೇಳಿಸಿತು. ಆದರೂ ಇನ್ನೊಮ್ಮೆ ಕರೆಯಲಿ ಎಂದು ಸುಮ್ಮನೆ ಕೂತಿದ್ದೇನೆ.