ನಮ್ಮತ್ತೆ ಕಾದ ಬಾಗಿಲು

ಇವತ್ತು ಬೆಳಗ್ಗೆ ಹಾಸ್ಟೆಲಿನ ಮೊಗಸಾಲೆ ತೊಳೆದರು. ನೀರಿಗೆ ಬ್ಲೀಚಿಂಗ್ ಪುಡಿ ಒಂದಿಷ್ಟು ಹೆಚ್ಚಾಗಿಯೇ ಬಿದ್ದಿತ್ತು. ಪಕ್ಕದ ಕೋಣೆಗಳ ಅಧ್ಯಾಪಕಿಯರೆಲ್ಲ ಸೆರಗನ್ನು ಮೂಗಿಗೊತ್ತಿಕೊಂಡು ಓಡಿದರು. ನಾನೂ ಮರ್ಯಾದೆಗೆ ಮೂಗು ಮುಚ್ಚಿಕೊಂಡೆ. ಕೋಣೆಗೆ ಬಂದು ಬಾಗಿಲು ಹಾಕಿ, ಕಿಟಕಿ ತೆರೆಯುವ ಬದಲು, ನಿಂತು ಉಸಿರೆಳೆದುಕೊಂಡೆ. ಹಣ್ಣಿನ ಪರಿಮಳ, ಮಳೆಯ ಮಣ್ಣಿನ ವಾಸನೆ ಇಷ್ಟ ಎಂದು ಹೇಳಿಕೊಳ್ಳುವುದು ಸುಲಭ. ಬ್ಲೀಚಿಂಗ್ ಪುಡಿಯ ವಾಸನೆಗೆ ಮನಸ್ಸು ಕರಗುತ್ತದೆ ಎಂದು ಯಾರಿಗೆ ಹೇಳುವುದು? ನಿಮಗೆ ಹೇಳುತ್ತಿದ್ದೇನೆ.

ಬೈರಾಪಟ್ಟಣದ ನಮ್ಮ ಮನೆಯ ಮಗ್ಗುಲಲ್ಲೇ ರೇಷ್ಮೆ ಸಾಕುವ ಹುಳುಮನೆ ಇತ್ತು. ಉದ್ದನೆಯ ಹೆಂಚಿನ ಕಟ್ಟಡ, ಒಂದೇ ಬಾಗಿಲು. ಹೊಸ್ತಿಲ ಮುಂದೆ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿತಾಟು. ಅದರ ಮೇಲೆ ಕಾಲೊತ್ತಿ ಒಳಗೆ ಹೋಗಬೇಕು. ರೇಷ್ಮೆಹುಳುವಿಗೆ ಸೋಂಕು ತಗಲುವುದು ನಮ್ಮ ಕಾಲಿನಿಂದ, ಕೈಯಿಂದ. ತಲೆಯಲ್ಲಿ ಹೂವಿದ್ದರೆ ಹೊರಗೆ, ಬೀಡಿ ಸೇದಿದವರು ಹೊರಗೆ, ಮುಖಕ್ಕೆ ಪೌಡರ್ ಹಾಕಿದವರಂತೂ ಆಚೆಯ ಬೀದಿಗೆ. ಈ ಕಾಯಿದೆಗಳನ್ನೆಲ್ಲ ನಡೆಸುತ್ತಿದ್ದವರು ನಮ್ಮ ಸೋದರತ್ತೆ, ದೇವೀರತ್ತೆ.

ದೇವೀರತ್ತೆ ಅಪ್ಪನಿಗಿಂತ ದೊಡ್ಡವರು. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮನೆ ತಮ್ಮನದು, ಅಡುಗೆಮನೆ ತಮ್ಮನ ಹೆಂಡತಿಯದು, ಹೊಲದ ಪಹಣಿಯಲ್ಲಿ ಅವರ ಹೆಸರಿಲ್ಲ. ಊಟಕ್ಕೆ ಕೂತಾಗ ಇನ್ನೊಂದು ಮುದ್ದೆ ಬೇಕೇ ಎಂದು ಅಮ್ಮ ಕೇಳಿದರೆ, ಹಸಿವಿದ್ದರೂ ಬೇಡ ಎನ್ನುತ್ತಿದ್ದರು. ಹುಳುಮನೆಯ ಬಾಗಿಲ ಬಳಿ ಮಾತ್ರ ಅವರ ದನಿ ಬೇರೆಯಾಗುತ್ತಿತ್ತು. ಅಲ್ಲಿ ಅವರು ‘ಬೇಡ’ ಎಂದರೆ ಅದು ಬೇರೆಯವರಿಗೆ ಹೇಳಿದ ‘ಬೇಡ’.

ಆಗ ನಮ್ಮ ಕಡೆ ರೇಷ್ಮೆ ಮೆರೆಯುತ್ತಿದ್ದ ಕಾಲ. ಚನ್ನಪಟ್ಟಣದಿಂದ ಕನಕಪುರದವರೆಗೆ ಬಸ್ಸಿನ ಕಿಟಕಿಯಲ್ಲಿ ಕೂತು ನೋಡಿದರೆ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಗೂಡಿನ ಚೀಲಗಳು ಬಸ್ಸಿನ ಮೇಲೆ ಕೂತು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದವು. ಒಳಗೆ ಮನುಷ್ಯರಿಗೆ ಜಾಗವಿಲ್ಲದಿದ್ದರೂ ಕಂಡಕ್ಟರು ಚೀಲಗಳಿಗೆ ಜಾಗ ಮಾಡುತ್ತಿದ್ದ. ಮಗಳಿಗೆ ಗಂಡು ನೋಡುವಾಗ ‘ಹುಳು ಸಾಕ್ತಾರಾ?’ ಎಂದು ಮೊದಲು ಕೇಳುತ್ತಿದ್ದರು, ಹುಡುಗನ ಓದಿನ ವಿಚಾರ ಆಮೇಲೆ.

ಹುಳುಮನೆಯ ಹೊರಗಿನ ಕಿಟಕಿಕಟ್ಟೆಯ ಮೇಲೆ ಒಂದು ರೇಡಿಯೋ ಇತ್ತು. ಭಾನುವಾರ ಸಂಜೆ ಅದರಲ್ಲಿ ಪ್ರಧಾನಿಯವರ ವಾರದ ವರದಿ ಬರುತ್ತಿತ್ತು: ಯಾವ ದಿನ ಎಲ್ಲಿ ಯಾವ ಅಣೆಕಟ್ಟು ನೋಡಿದರು, ಯಾವ ದೇಶದ ಅತಿಥಿಗಳನ್ನು ಕಂಡರು, ಸಂಸತ್ತಿನಲ್ಲಿ ಏನು ಹೇಳಿದರು, ಬರುವ ವಾರ ಏನೇನಿದೆ. ಹುಳುಗಳಿಗೆ ಸೊಪ್ಪು ಕತ್ತರಿಸುತ್ತ ಕೂತ ದೇವೀರತ್ತೆ ಅದನ್ನು ಮನೆಮಂದಿಯ ಸುದ್ದಿಯಂತೆ ಕೇಳುತ್ತಿದ್ದರು. ಪ್ರಧಾನಿಯ ಹೆಸರನ್ನು ಒಮ್ಮೆಯೂ ಹೇಳಿದವರಲ್ಲ. ಅವರ ಬಾಯಲ್ಲಿ ‘ಡೆಲ್ಲಿ ಯಜಮಾನ್ರು’. ನಾನೂ ಹೆಸರು ಹೇಳುವುದಿಲ್ಲ. ಅತ್ತೆಯ ಕತೆಗೆ ಅದು ಬೇಕಿಲ್ಲ.

“ಸೋಮವಾರ ಅಸ್ಸಾಮು, ಮಂಗಳವಾರ ಮದ್ರಾಸು! ಈವಯ್ಯ ಉಣ್ಣಾದು ಯಾವಾಗ?” ಎನ್ನುತ್ತಿದ್ದರು. ಇನ್ನೊಂದು ಭಾನುವಾರ, “ಈ ವಾರವೂ ಕುಡಿಯೋ ನೀರು ಮೊದ್ಲು ಅಂದವ್ರೆ ಕಣ್ ಮಗ. ಹೋದ್ವಾರ ರಸ್ತೆ ಮೊದ್ಲು ಅಂದಿದ್ರು. ಎರಡನ್ನೂ ಮೊದ್ಲು ಮಾಡಾಕೆ ಆಯ್ತದಾ?” ಎಂದು ನನ್ನನ್ನೇ ಕೇಳಿದರು. ಅವರು ನಿಜವಾಗಿ ಕಿವಿ ನೆಟ್ಟಿರುತ್ತಿದ್ದುದು ಒಂದೇ ವಿಷಯಕ್ಕೆ, ಹೊರದೇಶದ ರೇಷ್ಮೆಯನ್ನು ಒಳಗೆ ಬಿಡುತ್ತಾರೋ ಇಲ್ಲವೋ. ಆ ಮಾತು ಬಂದಾಗ ಕತ್ತಿ ನಿಲ್ಲುತ್ತಿತ್ತು. ಬಾರದಿದ್ದರೆ “ಮರ್ತವ್ರೆ, ಮುಂದಿನ್ ವಾರ ಏಳ್ತಾರೆ” ಎಂದು ಯಜಮಾನರ ಪರವಾಗಿ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಅಪ್ಪ ಆಗ ತಾಲ್ಲೂಕು ಮಟ್ಟದ ಒಂದಿಬ್ಬರು ಮುಖಂಡರ ಹಿಂದೆ ಓಡಾಡಿಕೊಂಡಿದ್ದರು. ಬಿಳಿ ಅಂಗಿಗೆ ಗಂಜಿ ಹಾಕಿಸುವುದು ಹೆಚ್ಚಾಗಿತ್ತು. ಹುಳುಮನೆಗೆ ಬರುವುದು ಕಡಿಮೆಯಾಗಿತ್ತು. ಒಂದು ಸಂಜೆ ಮೋಪೆಡ್ ನಿಲ್ಲಿಸುವ ಮೊದಲೇ ಕೂಗಿದರು:

“ಅಕ್ಕಯ್ಯ, ನಿನ್ ಡೆಲ್ಲಿ ಯಜಮಾನ್ರು ಬತ್ತಾವ್ರೆ! ರೇಷ್ಮೆ ಊರುಗಳ ನೋಡಾಕೆ. ಶುಕ್ರವಾರ. ನಮ್ಮನೆಗೇ!”

“ಯಾಕ್ಲಾ ಪುಟ್ಟ, ಬೆಳಗ್ಗೆಯಿಂದ ಯಾರೂ ಸಿಕ್ಕಿಲ್ವಾ ತಮಾಷೆಗೆ?”

“ದೇವರಾಣೆ. ನಮ್ಮ ಹುಳುಮನೆ ರಸ್ತೆ ಪಕ್ಕ ಐತಲ್ಲ, ಕಾರು ಬತ್ತವೆ. ನಾನೂ ಒಪ್ಕೊಂಬುಟ್ಟೆ. ಆವತ್ತಿಗೆ ಹುಳು ಎದ್ದು ಸೊಪ್ಪು ತಿಂತಿರ್ತವೆ, ಮಳೆ ಉಯ್ದಂಗೆ ಸದ್ದು ಬತ್ತದೆ ಅಂದೆ. ಆ ಸದ್ದನ್ನ ರೇಡಿಯೋದೋರು ಹಿಡ್ಕೊಂಡೋಯ್ತಾರಂತೆ.”

ಅತ್ತೆಯ ಮುಖ ಅರಳಿತು. ಹೊರದೇಶದ ರೇಷ್ಮೆಯ ವಿಷಯವನ್ನು ಎದುರೇ ಕೇಳಿಬಿಡಬಹುದು! ಆ ರಾತ್ರಿಯಿಂದ ಪ್ರಶ್ನೆಯ ತಾಲೀಮು ಶುರುವಾಯಿತು. ನಾನು ಪ್ರಧಾನಿ, ಅವರು ಅವರೇ. “ಸ್ವಾಮಿ, ಹೊರಗಿನ ರೇಷ್ಮೆ ಬಂದ್ರೆ ನಮ್ ಗೂಡು ಯಾರು ಕೇಳ್ತಾರೆ?” ನಾನು ಗಂಭೀರವಾಗಿ “ಪರಿಶೀಲಿಸುತ್ತೇವೆ” ಎನ್ನಬೇಕು. ನಾನು ನಗುತ್ತಿದ್ದೆ. “ನಗಬ್ಯಾಡ ಮಗ, ಅವ್ರು ನಗಾಕಿಲ್ಲ” ಎಂದು ಗದರುತ್ತಿದ್ದರು.

ಅಪ್ಪ ಕ್ಯಾಲೆಂಡರಿನಲ್ಲಿ ಎಣಿಸಿದ ಲೆಕ್ಕ ತಪ್ಪೇನಲ್ಲ. ಆದರೆ ಆ ವಾರ ಚಳಿಗಾಳಿ ಬೀಸಿತು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಕೂತ ಹುಳು ತಿನ್ನುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಇರುತ್ತದೆ. ಆ ಹೊತ್ತಿನಲ್ಲಿ ಹುಳುವಿನ ತಟ್ಟೆ ಅಲುಗಿಸಬಾರದು, ಗಾಳಿ, ಬೆಳಕು ನುಗ್ಗಿಸಬಾರದು, ಒಂದೆಲೆಯನ್ನೂ ಹಾಕಬಾರದು. ಚಳಿಗೆ ಹುಳುಗಳು ತಡವಾಗಿ ಜ್ವರಕ್ಕೆ ಕೂತವು. ಗುರುವಾರ ಸಂಜೆ ನೋಡಿದರೆ ಹುಳುಮನೆ ಪೂರ್ತಿ ನಿಶ್ಶಬ್ದ.

ಪ್ರವಾಸದ ಏರ್ಪಾಡು ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬರು ಆಗಲೇ ಬಂದರು. ಪಾಪ, ಒಳ್ಳೆಯ ಮನುಷ್ಯ, ಬೆವರುತ್ತಿದ್ದರು.

“ನೋಡಮ್ಮ, ಒಂದಿಷ್ಟು ಸೊಪ್ಪು ಹಾಕಿ ಎಬ್ಬಿಸೋಕಾಗಲ್ವಾ?”

“ನಿಮ್ಮ ಮಗಳು ಹೆರಿಗೆ ನೋವಲ್ಲಿದ್ರೆ ಎಬ್ಸಿ ಹೋಳಿಗೆ ತಿನ್ನುಸ್ತೀರಾ ಸ್ವಾಮಿ?”

ಅವರು ಅಪ್ಪನ ಕಡೆ ತಿರುಗಿದರು. ಅಪ್ಪ, “ವಿರೂಪಾಕ್ಷಿಪುರದಲ್ಲಿ ನಮ್ಮೋರ ಮನೇಲಿ ಎದ್ದಿರೋ ಹುಳು ಅವೆ. ಬೆಳಗ್ಗೆ ನಾಕು ತಟ್ಟೆ ತಂದು ಮುಂದಕ್ಕೆ ಜೋಡಿಸ್ಬುಟ್ರೆ ಆಯ್ತು” ಎಂದರು.

ಬೇರೆ ಮನೆಯ ತಟ್ಟೆಯನ್ನು, ಅದರ ಸೋಂಕಿನ ಸಮೇತ, ನಮ್ಮ ಹುಳುಮನೆಗೆ ತರುವ ಮಾತನ್ನು ತಮ್ಮನೇ ಆಡಿದ್ದ. ಅತ್ತೆ ಗೋಣಿತಾಟನ್ನು ಮತ್ತೊಮ್ಮೆ ನೆನೆಸಿ, ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತರು. ರಾತ್ರಿಯ ಊಟಕ್ಕೂ ಬರಲಿಲ್ಲ. ಅಮ್ಮ ತಟ್ಟೆ ಹಿಡಿದುಕೊಂಡು ಹೋದಾಗ, ಮೊದಲ ಸಲ, “ಇನ್ನೊಂದು ಮುದ್ದೆ ಹಾಕ್ಕೊಂಡು ಬಾ” ಎಂದರಂತೆ.

ಶುಕ್ರವಾರ ಕಾರುಗಳು ಬಂದವು. ಎಷ್ಟೆಂದು ನಾನು ಎಣಿಸಲಿಲ್ಲ, ಧೂಳೇ ಧೂಳು. ಅಮ್ಮ ಕೊಟ್ಟ ಮಜ್ಜಿಗೆಯನ್ನು ಮೊದಲು ಕಾವಲಿನವನೊಬ್ಬ ಕುಡಿದು ನೋಡಿದ. “ಅವ್ನೂ ಪಾಪ ಬಾಯಾರಿದ್ದ” ಎಂದು ಅತ್ತೆ ಆಮೇಲೆ ಹೇಳಿದರು. ಪ್ರಧಾನಿಯವರು ಚಿತ್ರದಲ್ಲಿ ಕಂಡದ್ದಕ್ಕಿಂತ ಗಿಡ್ಡ, ಮುಖದಲ್ಲಿ ದಣಿವು. ಕೊರಳಿನ ತುಂಬ ಸುಗಂಧರಾಜದ ಹಾರ. ಹುಳುಮನೆಯ ಮುಂದೆ ತಾವಾಗಿಯೇ ಚಪ್ಪಲಿ ಬಿಟ್ಟರು. ಅವರ ಹಿಂದೆ ಕ್ಯಾಮೆರಾಗಳು, ಬಂದೂಕು ಹಿಡಿದವರು, ಖಾದಿಯವರು, ಕೊನೆಗೆ ಗಂಜಿ ಹಾಕಿದ ಅಂಗಿಯಲ್ಲಿ ನಮ್ಮಪ್ಪ.

ದೇವೀರತ್ತೆ ಹೊಸ್ತಿಲಲ್ಲಿ ಎದ್ದು ನಿಂತು ಕೈಮುಗಿದರು. ಆದರೆ ಪಕ್ಕಕ್ಕೆ ಸರಿಯಲಿಲ್ಲ.

“ಎರಡೇ ನಿಮಿಷ, ಅಮ್ಮ” ಎಂದರು ಅಧಿಕಾರಿ.

“ಯಜಮಾನ್ರು ಬರ್ಲಿ. ಹಾರ ತೆಗ್ದು, ಕಾಲೊತ್ತಿ, ಒಬ್ರೇ. ಮಿಕ್ಕೋರು ಆಚೆ.”

ಕಾವಲಿನವರು ತಲೆಯಾಡಿಸಿದರು. ನೋಡದ ಕೋಣೆಯೊಳಗೆ ಪ್ರಧಾನಿಯನ್ನು ಒಬ್ಬರನ್ನೇ ಬಿಡುವಂತಿಲ್ಲ. ಹಾಗಾದರೆ ಮೊದಲು ತಾವು ಹೋಗಿ ನೋಡಬೇಕು, ದೀಪ ಹಾಕಬೇಕು.

“ಅಂಗಾದ್ರೆ ಯಾರೂ ಬ್ಯಾಡ” ಎಂದರು ಅತ್ತೆ.

“ಅಕ್ಕಯ್ಯ!” ಅಪ್ಪನ ದನಿ ಅಳುವಂತಿತ್ತು. “ಮಾನ ಕಳೀಬ್ಯಾಡ ಕಣೆ. ಒಸಿ ಪಕ್ಕಕ್ಕೆ ಬಾ.”

ಅತ್ತೆ ಬರಲಿಲ್ಲ. ಅವರ ಎರಡು ಕೈಗಳೂ ಬಾಗಿಲುವಾಡವನ್ನು ಹಿಡಿದಿದ್ದವು.

ಹುಳು ಜ್ವರಕ್ಕೆ ಕೂತಿರುವುದನ್ನು ಅಧಿಕಾರಿ ಪ್ರಧಾನಿಯವರಿಗೆ ವಿವರಿಸಿದರು. ಪ್ರಧಾನಿಯವರು ಹಿಂದಿಯಲ್ಲಿ ಏನೋ ಕೇಳಿದರು. “ಯಾವಾಗ ಏಳುತ್ತವೆ ಅಂತ ಕೇಳ್ತಿದ್ದಾರೆ” ಎಂದರು ಅಧಿಕಾರಿ.

“ನಾಳೆ ಬೆಳಗ್ಗೆ. ನಾಳೆ ಬರ್ಲಿ.” ತಕ್ಷಣ ತಾವೇ ತಿದ್ದಿಕೊಂಡರು. “ಅಯ್ಯೋ, ನಾಳೆ ಆಗಾಕಿಲ್ಲ. ಡೆಲ್ಲೀಲಿ ಯಾವ್ದೋ ದೇಶದೋರು ಊಟಕ್ಕೆ ಬತ್ತಾರೆ. ಭಾನುವಾರವೂ ಆಗಾಕಿಲ್ಲ, ಅಣೆಕಟ್ಟೆ ಐತೆ.”

ಅಧಿಕಾರಿ ಅನುವಾದಿಸಲು ಹಿಂಜರಿದರು. ‘ಡೆಲ್ಲಿ’ ಎಂಬ ಮಾತು ಕಿವಿಗೆ ಬಿದ್ದಿದ್ದ ಪ್ರಧಾನಿಯವರು ಬಿಡಲಿಲ್ಲ. ಹೇಳಿಸಿಕೊಂಡು ನಕ್ಕರು. ‘ಅವ್ರು ನಗಾಕಿಲ್ಲ’ ಎಂದಿದ್ದ ಅತ್ತೆಯ ಭವಿಷ್ಯ ಸುಳ್ಳಾಗಿತ್ತು. ಹೊಸ್ತಿಲಾಚೆಯಿಂದಲೇ ಕತ್ತು ಚಾಚಿ, ಕತ್ತಲೆಯಲ್ಲಿ ತಲೆ ಎತ್ತಿ ಕೂತ ಹುಳುಗಳನ್ನು ಒಂದು ಗಳಿಗೆ ನೋಡಿದರು. ಅತ್ತೆಗೆ ಕೈಮುಗಿದು ಹೊರಟರು.

ಧೂಳು ಇಳಿದ ಮೇಲೆ ಅತ್ತೆ ಹಣೆ ಚಚ್ಚಿಕೊಂಡರು. “ಅಯ್ಯೋ ಮಗ, ರೇಷ್ಮೆ ವಿಷ್ಯ ಕೇಳಾದೇ ಮರ್ತ್ನಲ್ಲ!”

ಅಪ್ಪ ಮಾತು ಬಿಟ್ಟರು. ಅಕ್ಕ ಬಂದರೆ ಎದ್ದು ಹೋಗುತ್ತಿದ್ದರು. ತವರಿನಲ್ಲಿ ಇರುವ ಹೆಣ್ಣಿಗೆ ಅದು ಸಣ್ಣ ಮಾತಲ್ಲ. ಅತ್ತೆ ಮತ್ತೆ ಒಂದೇ ಮುದ್ದೆಗೆ ಇಳಿದರು. ಭಾನುವಾರ ಸಂಜೆ ವರದಿ ಬಂತು. ಚನ್ನಪಟ್ಟಣ ತಾಲ್ಲೂಕಿನಲ್ಲಿ ಪ್ರಧಾನಿಯವರು ರೇಷ್ಮೆ ಸಾಕಣೆ ಮನೆಯ ಒಳಗೆ ಹೋಗಿ ಹುಳುಗಳನ್ನು ವೀಕ್ಷಿಸಿದರು ಎಂದಿತು ರೇಡಿಯೋ.

ಅಪ್ಪ ಕುಣಿದಂತೆ ಎದ್ದರು. “ಕೇಳುಸ್ತಾ? ಒಳಕ್ಕೆ ಓದ್ರು ಅಂತ ದೇಶಕ್ಕೇ ಏಳ್ಬುಟ್ರು!”

“ಓಗ್ಲಿಲ್ವಲ್ಲ ಕಣೋ” ಎಂದರು ಅತ್ತೆ.

“ಓದಂಗೇ ಆಯ್ತು ಬುಡು.”

ಅತ್ತೆ ರೇಡಿಯೋ ಆರಿಸಿದರು. ಅಷ್ಟು ವರ್ಷ ಅದು ಹೇಳಿದ್ದನ್ನೆಲ್ಲ ನಂಬಿದವರು. ಆ ಒಂದು ಸಾಲು ಮಾತ್ರ ನಿಜವಲ್ಲ ಎಂದು ಅವರಿಗೆ ಗೊತ್ತಿತ್ತು, ಏಕೆಂದರೆ ಆ ಬಾಗಿಲಲ್ಲಿ ನಿಂತಿದ್ದವರು ಅವರೇ. ರೇಡಿಯೋದ ಮಾತಿನಲ್ಲಿ ಅವರು ಇರಲೇ ಇಲ್ಲ. ಊರಿನ ಟೀ ಅಂಗಡಿಯಲ್ಲೂ ಅದೇ ಮಾತು ನಿಂತಿತು.

ಆ ಬೆಳೆ ಚೆನ್ನಾಗಿ ಬಂತು. ರಜೆಯಿದ್ದುದರಿಂದ ನಾನೂ ಅಪ್ಪನ ಜೊತೆ ರಾಮನಗರದ ಮಾರುಕಟ್ಟೆಗೆ ಹೋದೆ. ಗೂಡು ಕೊಂಡು ನೂಲು ಬಿಚ್ಚುವ ಪರಿಚಯದ ಬಷೀರ್ ಸಾಬರು ಬಂದು ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿದರು. ಸುತ್ತ ಹತ್ತಾರು ಜನ ಸೇರಿದರು.

“ಏನ್ ಪುಟ್ಟಸ್ವಾಮಪ್ಪ, ಪ್ರಧಾನ್ ಮಂತ್ರಿ ಒಳಗಡೆ ಬಂದಿದ್ ಮನೇದಾ ಇದು? ಇನ್ನು ನಮ್ ಕೈಗೆಲ್ಲಿ ಸಿಗ್ತದೆ ಬಿಡಿ!”

ಅಪ್ಪ ಗೂಡಿನ ರಾಶಿಯನ್ನು ನೋಡಿದರು. ‘ಹೌದು’ ಎಂದಿದ್ದರೆ ಸಾಕಿತ್ತು, ರೇಡಿಯೋ ಆಗಲೇ ಸಾಕ್ಷಿ ಹೇಳಿತ್ತು. ಅಂಗಿಯ ಕಾಲರು ಸರಿಮಾಡಿಕೊಂಡರು.

“ಇಲ್ಲ ಸಾಬ್ರೆ. ಬಾಗಿಲಗಂಟ ಬಂದಿದ್ರು. ಹುಳು ಜ್ವರಕ್ಕೆ ಕುಂತಿದ್ವು. ನಮ್ಮಕ್ಕ ಬುಡ್ಲಿಲ್ಲ.”

“ಬುಡ್ಲಿಲ್ವಾ?”

“ಬುಡ್ಲಿಲ್ಲ” ಎಂದರು ಅಪ್ಪ ಇನ್ನೂ ಗಟ್ಟಿಯಾಗಿ, ಆಚೆ ಸಾಲಿನವರಿಗೂ ಕೇಳುವಂತೆ.

ಸಂಜೆ ಹುಳುಮನೆಯ ಹೊರಗೆ ನಿಂತು ಅದನ್ನು ಅತ್ತೆಗೆ ಹೇಳಿದೆ. ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತೊಳೆಯುತ್ತಿದ್ದರು. “ಅಂಗಂದ್ನಾ?” ಎಂದರು. ಹೇಳಿದೆ. “ಜನದ್ ಮುಂದೆ ಅಂದ್ನಾ?” ಮತ್ತೆ ಹೇಳಿದೆ. ಅವರು ಮುಖ ತಿರುಗಿಸಿ ಒಂದೇ ಚಂದ್ರಿಕೆಯನ್ನು ಬಹಳ ಹೊತ್ತು ತೊಳೆದರು.

ಮರು ಭಾನುವಾರ ರೇಡಿಯೋ ಮತ್ತೆ ಹಾಡಿತು. ಯಜಮಾನರು ಎಲ್ಲೋ ಒಂದು ಶಾಲೆ ನೋಡಿದ್ದರು, ಇನ್ನೆಲ್ಲೋ ಬೆಸ್ತರ ಕೇರಿಗೆ ಹೋಗಿದ್ದರು. ಅತ್ತೆ ಖಾಲಿ ತಟ್ಟೆಗಳನ್ನು ಒರೆಸುತ್ತ, “ಅಲ್ಲಿ ಯಾರು ನಿಂತಿದ್ಲೋ ಬಾಗಿಲಲ್ಲಿ” ಎಂದರು. ಅಂದಿನಿಂದ ಪ್ರತಿ ಸಾಲಿಗೂ ಅದೇ ಪ್ರಶ್ನೆ. ಯಜಮಾನರ ಮೇಲಿನ ಅಕ್ಕರೆಯೇನೂ ಕಡಿಮೆಯಾಗಲಿಲ್ಲ. “ಅವ್ರೇನ್ ಮಾಡ್ತಾರೆ, ಬರ್ದೋರು ಬೇರೆ” ಎನ್ನುತ್ತಿದ್ದರು.

ಈಗ ಮೈಸೂರಿನ ಈ ಹಾಸ್ಟೆಲಿನಲ್ಲಿ ನಾನಿದ್ದು ಒಂದು ವರ್ಷವಾಯಿತು. ಮಾತು ಕಡಿಮೆ ಎಂದು ನನಗೆ ಹೆಸರಿದೆ. ಇಂದು ರಾತ್ರಿ ಊಟದ ಹೊತ್ತಿಗೆ ಟಿ.ವಿ.ಯಲ್ಲಿ ವಾರ್ತೆ ಬರುತ್ತಿತ್ತು. ಈಗಿನ ಪ್ರಧಾನಿ ಬೇರೆಯವರು. ಈ ವಾರ ಎಲ್ಲೋ ನೇಕಾರರ ಮನೆಗೆ ಹೋಗಿ ಮಗ್ಗ ನೋಡಿದರಂತೆ.

“ಇವರೆಲ್ಲ ಯಾರ ಮನೆಗೆ ಬೇಕಾದರೂ ನುಗ್ಗಬಹುದು ನೋಡಿ” ಎಂದರು ಎದುರು ಕೂತಿದ್ದ ಗಣಿತದ ಮೇಡಂ.

“ನಮ್ಮ ಮನೆಗೂ ಒಬ್ಬರು ಬಂದಿದ್ದರು” ಎಂದುಬಿಟ್ಟೆ.

ಎಲ್ಲರೂ ತಿರುಗಿ ನೋಡಿದರು. ಎದ್ದು ಕೈ ತೊಳೆಯಲು ಹೋಗಿಬಿಡಲೇ ಎನಿಸಿತು.

“ಪ್ರಧಾನಮಂತ್ರೀನಾ? ಮನೆ ಒಳಗೆ ಬಂದಿದ್ರಾ?”

“ಇಲ್ಲ” ಎಂದೆ. “ನಮ್ಮತ್ತೆ ಬಿಡಲಿಲ್ಲ.”

ಯಾರೋ ಟಿ.ವಿ.ಯ ದನಿ ತಗ್ಗಿಸಿದರು. ಗಣಿತದ ಮೇಡಂ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು.