ತೆರಿಗೆಗೆ ನಿವಾಸಿ

ಘಾನಾದ ಎಫುವಾ ಅನ್ಸಾ ಪುಕ್ಕಟೆ ಸಿಕ್ಕಿದ್ದನ್ನು ನಂಬುವ ಹೆಂಗಸಲ್ಲ. ಅದಕ್ಕೇ ಗ್ರಂಥಾಲಯದಲ್ಲಿ ತೆರಿಗೆಯ ಅರ್ಜಿ ಪುಕ್ಕಟೆ ತುಂಬಿಕೊಡುವ ಮುದುಕ ವಾಲ್ಟರನ ಮೇಲೆ ಅವಳಿಗೆ ಮೊದಲೇ ಅನುಮಾನ. ಅಮೆರಿಕದ ಓಹಾಯೋದಲ್ಲಿ ವಿದ್ಯಾರ್ಥಿನಿಯಾಗಿದ್ದ ಐದು ವರ್ಷವೂ ಆ ಅರ್ಜಿಯಲ್ಲಿ ‘ಅನಿವಾಸಿ’ ಎಂದೇ ಬರೆದಿದ್ದಳು. ಆರನೆಯ ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ವೀಸಾ ಬದಲಾಯಿತು. ಈಗ ನೋಡಿದರೆ ಈ ಮುದುಕ ‘ನಿವಾಸಿ’ಗಳ ಫಾರಮ್ಮನ್ನು ಮುಂದೆ ತಳ್ಳುತ್ತಿದ್ದಾನೆ!

ಎಫುವಾ ಪೆನ್ನು ಕೆಳಗಿಟ್ಟಳು. “ಗ್ರೀನ್ ಕಾರ್ಡ್ ಇಲ್ಲದವಳ ಕೈಲಿ ನಿವಾಸಿ ಅಂತ ಬರೆಸ್ತೀರಲ್ಲ, ನಾಳೆ ವೀಸಾ ಆಫೀಸಿನವರು ಸುಳ್ಳಿ ಅಂತ ಹಿಡ್ಕೊಂಡ್ರೆ? ನಿಮ್ಮನ್ನ ಇಲ್ಲಿಗೆ ಕಳಿಸಿದ್ದು ಯಾರು, ತಾತ?”

“ನನ್ನ ಹೆಂಡ್ತಿ. ಮನೇಲಿ ಕೂತು ತಲೆ ತಿನ್ನಬೇಡ ಅಂದ್ಲು,” ಎಂದ ವಾಲ್ಟರ್. “ವಿದ್ಯಾರ್ಥಿಗಳಿಗೆ ಕೊಡೋ ಐದು ವರ್ಷದ ವಿನಾಯಿತಿ ಮುಗೀತು ಕಣಮ್ಮ. ತೆರಿಗೆಯವರಿಗೆ ಈಗ ನೀನು ನಿವಾಸಿ. ವೀಸಾದವರ ಲೆಕ್ಕ ಬೇರೆ, ಅವರಿಗೆ ನೀನಿನ್ನೂ ಅತಿಥಿನೇ.”

“ಹಾಗಂತ ಬರೆದುಕೊಡಿ.”

ಅವನು ನಗುತ್ತ ಒಂದು ಚೀಟಿಯಲ್ಲಿ, ‘ನಿವಾಸಿ ಎಂದು ಬರೆಯಲು ಹೇಳಿದ್ದು ನಾನೇ’ ಎಂದು ಬರೆದು ಸಹಿ ಹಾಕಿದ. ಅವಳು ಆ ಹೆಸರನ್ನು ಅವನ ಎದೆಯ ಮೇಲಿನ ಬಿಲ್ಲೆಯ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಚೀಟಿಯನ್ನು ಚೀಲಕ್ಕೆ ಸೇರಿಸಿದ ಮೇಲೆಯೇ ತನ್ನ ಸಹಿ ಹಾಕಿದ್ದು.

ಬಾಗಿಲವರೆಗೆ ಹೋದವಳು ತಿರುಗಿ ಬಂದಳು.

“ನಮ್ಮೂರಲ್ಲಿ ಅತಿಥಿ ಅಂತ ಕರೆದ ಮೇಲೆ ಅವರ ಹತ್ರ ಊಟದ ದುಡ್ಡು ಇಸ್ಕೊಳಲ್ಲ, ತಾತ.”