ಸೋಮವಾರ ಬಾಗಿಲು ಹಾಕುವ ವೆಬ್‌ಸೈಟು

ನಮ್ಮೂರ ಮ್ಯೂಸಿಯಮ್ಮಿನ ಗೇಟಿನ ಬಳಿ ಇರುವ ಹೂವಿನ ಅಂಗಡಿ ನನ್ನದು. ಗುಲಾಬಿ ಎಸಳು, ಮಲ್ಲಿಗೆ, ಘಮಘಮಿಸುವ ಕೆನಂಗ ಹೂವು, ಧೂಪ. ನಮ್ಮ ವರ್ಷದ ಮೊದಲ ತಿಂಗಳಾದ ಸುರೊ ಹುಟ್ಟುವ ದಿನ ಇವುಗಳ ಜೊತೆ ಖಾಲಿ ಬಾಟಲಿಯನ್ನೂ ಮಾರುತ್ತೇನೆ. ಹೂವು ಒಳಗಿರುವ ಹಿರಿಯರಿಗೆ: ಅಂಕುಡೊಂಕಿನ ಕಠಾರಿಗಳು, ಈಟಿಗಳು, ಮುಖವಾಡಗಳು, ಎಲ್ಲರಿಗೂ ಮೇಲಾಗಿ ಕ್ಯಾಯಿ ಮೆಂದುಂಗ್. ಕ್ಯಾಯಿ ಎಂದರೆ ಪೂಜ್ಯರು, ಮೆಂದುಂಗ್ ಎಂದರೆ ಮೋಡ. ಪರವೂರಿನವರ ಕಣ್ಣಿಗೆ ಗಾಡಿಯ ಚಕ್ರದಷ್ಟು ಅಗಲದ ಒಂದು ಕಂಚಿನ ಜಾಗಟೆ. ಆದರೆ ನಮ್ಮಲ್ಲಿ ಯಾರೂ ‘ಅದು’ ಎನ್ನುವುದಿಲ್ಲ, ‘ಅವರು’ ಎನ್ನುತ್ತೇವೆ. ಇನ್ನು ಬಾಟಲಿ: ಸುರೊ ಮೊದಲ ದಿನ ಕ್ಯಾಯಿಗೆ ಸ್ನಾನ. ಆ ನೀರು ಬೇಡವೆನ್ನುವವರು ನಮ್ಮ ಜಿಲ್ಲೆಯಲ್ಲಿಲ್ಲ, ಬಾಟಲಿ ನೆನಪಿಟ್ಟು ತರುವವರೂ ಇಲ್ಲ. ನನ್ನ ಸಂಸಾರ ನಡೆಯುವುದು ಈ ಮರೆವಿನ ಮೇಲೆ.

ಈ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಮ್ಯೂಸಿಯಮ್ಮಿನ ವೆಬ್‌ಸೈಟಿಗೆ ಏರಿಸಿದವಳು ವಿನಾರ್ಸಿ. ಮೊದಲು ಅವಳು ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂತಿದ್ದಳು. ನಮ್ಮ ಮ್ಯೂಸಿಯಮ್ಮಿನ ಟಿಕೆಟ್ ಕಿಟಕಿಯಲ್ಲಿ ಕೂರುವುದೆಂದರೆ ಹಲ್ಲಿಗಳ ಸಂಸಾರ ನೋಡುತ್ತ ಕೂರುವುದು. ಇಲಾಖೆಯಿಂದ ಒಂದು ಕಂಪ್ಯೂಟರ್ ಬಂತು. ಮುಖ್ಯಸ್ಥರಾದ ಪಾಕ್ ಹೆಂದಾರ್ತೊ, ಪಾಕ್ ಎಂದರೆ ಅಯ್ಯನವರು, ಅದರ ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಎತ್ತರ ಸರಿಯಾಗಿದೆಯೆಂದು ಅದರ ಮೇಲೆ ಚಹಾ ಲೋಟ ಇಡುತ್ತಿದ್ದರು. ವಿನಾರ್ಸಿ ಬೇಸರ ಕಳೆಯಲು ಪೆಟ್ಟಿಗೆ ಬಿಚ್ಚಿದಳು, ಬಿಚ್ಚಿದವಳ ಕೊರಳಿಗೇ ಅದು ಬಿತ್ತು. ಕೆಲಸ ಬಲ್ಲವರ ಹತ್ತಿರ ಕೆಲಸ ತಾನಾಗಿ ಬರುತ್ತದೆ. ಸಂಬಳ ಮಾತ್ರ ದಾರಿ ಕೇಳುತ್ತ ಎಲ್ಲೋ ಉಳಿಯುತ್ತದೆ.

ಅವಳು ಕೆಲಸ ಮಾಡುವುದನ್ನು ನೋಡಬೇಕು. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ಕಠಾರಿಯನ್ನು ಮಲಗಿಸಿ, ಅದಕ್ಕೆ ಬಾಗಿ, “ಅಪ್ಪಣೆ ಆಗ್ಲಿ, ಅಜ್ಜ, ಒಂದು ಫೋಟೊ” ಎಂದು ಕೇಳಿಯೇ ಕ್ಯಾಮೆರಾ ಒತ್ತುವುದು. ಚಿತ್ರ ಮಸುಕಾದರೆ ಕೈ ನಡುಗಿತು ಎನ್ನುವುದಿಲ್ಲ. “ಇವತ್ತು ಅಜ್ಜನಿಗೆ ಮನಸ್ಸಿಲ್ಲ” ಎಂದು ಬಟ್ಟೆ ಹೊದಿಸಿ, ನನ್ನ ಅಂಗಡಿಗೆ ಬಂದು ಸೋಯಾ ಕಾಳಿನ ಹುರಿದ ತೆಂಪೆ ತಿನ್ನುತ್ತ ಕೂರುತ್ತಾಳೆ.

ಚಿತ್ರದ ಕೆಳಗೆ ವಿವರ ಬರೆಯುವುದರಲ್ಲೂ ಅವಳದು ಮನೆಗೆ ಬಂದ ನೆಂಟರನ್ನು ಕೂರಿಸುವ ರೀತಿ. ಒಂದು ದಿನ ಪಾಕ್ ಹೆಂದಾರ್ತೊ ತಲೆ ಹಿಡಿದುಕೊಂಡು ಹೊರಗೆ ಬಂದರು.

“ವಿನ್, ಅದು ರಾಜರ ಕಾಲದ ಹೂಜಿ ಕಣಮ್ಮ! ‘ಇದೊಂದು ಸಾಧಾರಣ ಹೂಜಿ, ದೂರದಿಂದ ಬಂದ ತಮಗೆ ತೋರಿಸೋಕೆ ನಮ್ಮಲ್ಲಿ ಇಷ್ಟೇ ಇರೋದು, ಕ್ಷಮಿಸಿ’ ಅಂತ ಬರ್ದಿದೀಯಲ್ಲ?”

“ನಮ್ಮ ಮನೆ ಹೂಜೀನ ನಾವೇ ಹೊಗಳ್ಕೊಂಡ್ರೆ ಚೆನ್ನಾಗಿರುತ್ತಾ, ಪಾಕ್? ಬಂದೋರು ಹೊಗಳ್ಲಿ.”

“ಬಂದೋರು ಎಲ್ಲಮ್ಮ ಇದಾರೆ?”

ಅದು ನಿಜ. ವೆಬ್‌ಸೈಟಿಗೆ ಬರುತ್ತಿದ್ದವರು ವಿನಾರ್ಸಿಯ ತಾಯಿ, ನಾನು, ಮತ್ತು ಮನೆಯ ಫೋನಿನಿಂದ ಒಮ್ಮೆ, ತಮ್ಮನ ಫೋನಿನಿಂದ ಒಮ್ಮೆ ವೇಷ ಬದಲಿಸಿ ಬರುತ್ತಿದ್ದ ವಿನಾರ್ಸಿ. ತನ್ನ ಅಂಗಡಿಯ ಸಾಮಾನನ್ನು ತಾನೇ ಕೊಂಡು ವ್ಯಾಪಾರ ಜೋರು ಎನ್ನುವವರನ್ನು ನಾನು ಪೇಟೆಯಲ್ಲಿ ಕಂಡಿದ್ದೇನೆ. ಅವರ ಅಂಗಡಿಗಳಲ್ಲಿ ಈಗ ಬೇರೆಯವರಿದ್ದಾರೆ.

ಇಲಾಖೆಗೂ ಇದು ಗೊತ್ತಾಯಿತು. ಸುರೊ ಹಬ್ಬದೊಳಗೆ ಜನ ಬಾರದಿದ್ದರೆ ವೆಬ್‌ಸೈಟ್ ಮುಚ್ಚುವುದು, ವಿನಾರ್ಸಿಯನ್ನು ನೋಂದಣಿ ಕಚೇರಿಗೆ ಕಳಿಸಿ ಗುರುತಿನ ಚೀಟಿಗಳಿಗೆ ಪ್ಲಾಸ್ಟಿಕ್ ಹಾಕಿಸುವುದು ಎಂದು ತೀರ್ಮಾನವಾಯಿತು. ಅವಳದು ವರ್ಷ ವರ್ಷ ಹೊಸದಾಗಿ ಕೊಡುವ ಕೆಲಸ, ಬಾಯಿ ತೆರೆಯುವಂತಿರಲಿಲ್ಲ.

“ಬದುಕಿರೋರ ಫೋಟೊಗೆ ಪ್ಲಾಸ್ಟಿಕ್ ಹಾಕ್ತಾ ಕೂರ್ಬೇಕಾ, ಚಿಕ್ಕಮ್ಮ?” ಎಂದಳು. ಬೇರೆಯವಳಾಗಿದ್ದರೆ ಅಳುತ್ತಿದ್ದಳು. ಇವಳು ನನ್ನ ಮಲ್ಲಿಗೆಯನ್ನು ಒಂದೊಂದೇ ಕಿತ್ತು ಹಾಳು ಮಾಡಿದಳು.

“ಹೂವು ಬಿಡು, ತಲೆ ಓಡ್ಸು,” ಎಂದೆ. “ನೋಡಿ ಹೋಗೋ ಅಂಗಡಿಗೆ ಯಾರೂ ಎರಡ್ನೇ ಸಲ ಬರಲ್ಲ. ಮುಟ್ಟೋಕೆ ಏನಾದ್ರೂ ಕೊಡ್ಬೇಕು.”

ಅವಳ ತಲೆ ಓಡಿತು. ಓಡಿದ್ದು ಕ್ಯಾಯಿಯ ಕೋಣೆಗೆ.

ಕ್ಯಾಯಿಯನ್ನು ನೋಡಿಕೊಳ್ಳುವವರು ತಿರ್ತೊ ಅಜ್ಜ. ಕೋಣೆಯ ಬೀಗದಕೈ ಸೊಂಟದಲ್ಲಿ, ಕ್ಯಾಯಿಯ ಮಾನ ತಲೆಯ ಮೇಲೆ. ದನಿಯನ್ನು ಜೋಪಾನವಾಗಿ ಇಡಬೇಕು, ನಾಳೆ ಕಂಚು ಬಿರುಕು ಬಿಟ್ಟರೆ ಏನು ಗತಿ ಎಂದು ವಿನಾರ್ಸಿ ಬೇಡಿದಳು. ಅಜ್ಜ ನನ್ನಲ್ಲಿ ದೊಡ್ಡ ಬುಟ್ಟಿ ಹೂವು ಕೊಂಡು, ಧೂಪ ಹಾಕಿ, ಬಟ್ಟೆ ಸುತ್ತಿದ ಕೊಡತಿಯಿಂದ ಒಂದೇ ಪೆಟ್ಟು ಕೊಟ್ಟರು. ಆ ದನಿ ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುತ್ತದೆ. ವಿನಾರ್ಸಿ ಅದನ್ನು ಹಿಡಿದು ವೆಬ್‌ಸೈಟಿಗೆ ಹಾಕಿ, ಕ್ಯಾಯಿಯ ಚಿತ್ರವನ್ನು ಮುಟ್ಟಿದರೆ ನುಡಿಯುವಂತೆ ಮಾಡಿದಳು. ಮುಟ್ಟುವ ವಿಷಯವನ್ನು ಅಜ್ಜನಿಗೆ ಹೇಳಲಿಲ್ಲ. ಕೇಳಿದರೆ ತಾನೇ ಹೇಳುವುದು?

ಜನ ಬಂದರು ನೋಡಿ! ಶಾಲೆಯ ಮಕ್ಕಳು ಮುಟ್ಟಿದರು, ಬ್ಯಾಂಕಿನವರು ಮುಟ್ಟಿದರು. ಕ್ಷೌರದ ಅಂಗಡಿಯವನು ಒಂದು ತಲೆ ಮುಗಿದಾಗಲೆಲ್ಲ ಮುಟ್ಟಿದ. ಡಚ್ಚರು ತಮ್ಮ ಕಾಲದಲ್ಲಿ ಹಡಗು ಹತ್ತಿಸಿ ಕೂಲಿಗೆ ಒಯ್ದ ನಮ್ಮವರ ಮೊಮ್ಮಕ್ಕಳು ಸುರಿನಾಮಿನಲ್ಲಿದ್ದಾರಲ್ಲ, ಅಲ್ಲಿಂದ ಮಾರ್ಲೀನ್ ಎಂಬ ಹೆಂಗಸು ದಿನವೂ ಬಂದು ಮುಟ್ಟಿ, “ನಮ್ಮಜ್ಜಿ ಕೊನೆವರೆಗೂ ಬಾಯಲ್ಲೇ ಈ ಸದ್ದು ಮಾಡಿ ತೋರಿಸುತ್ತಿದ್ದಳು. ಸರಿಯಾಗೇ ಮಾಡುತ್ತಿದ್ದಳು” ಎಂದು ಬರೆದಳು. ವಿನಾರ್ಸಿ ಅದನ್ನು ನನಗೆ ಓದಿ ಹೇಳಿ ಮೂಗು ಒರೆಸಿಕೊಂಡಳು. ಪಾಕ್ ಹೆಂದಾರ್ತೊ ಹೊಸ ಚಪ್ಪಲಿ ಕೊಂಡರು. ಸುರೊ ಮೊದಲ ದಿನ ಜಿಲ್ಲೆಯ ದೊರೆ, ಅಂದರೆ ಬುಪಾತಿಯವರೇ, ಬಂದು ಎಲ್ಲರೆದುರು ಪರದೆಯ ಮೇಲೆ ಕ್ಯಾಯಿಯನ್ನು ನುಡಿಸುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ ಒಂದು ಬೆಳಗ್ಗೆ ತಿರ್ತೊ ಅಜ್ಜ ಸಂತೆಯ ಕಕ್ಕಸಿಗೆ ಹೋದರು.

ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದರು. ಮುಖ ಕಂಚಿನ ಬಣ್ಣಕ್ಕೆ ತಿರುಗಿತ್ತು. “ತುಮಿನಾ, ಆ ಹುಡುಗೀನ ಕರಿ.”

ವಿನಾರ್ಸಿ ಬಂದಳು.

“ಮಗೂ, ನಾನು ಒಳಗೆ ಕೂತಿದ್ದೆ. ಪಕ್ಕದ ಗೋಡೆ ಆಚೆಯಿಂದ ಕ್ಯಾಯಿ ಮಾತಾಡಿದ್ರು.”

ವಿನಾರ್ಸಿ ನೆಲ ನೋಡಿದಳು.

“ಆಮೇಲೆ ಒಬ್ಬ ಗಂಡಸು ‘ಹಲೋ’ ಅಂದ.”

ನನಗೆ ನಗು ತಡೆಯಲಾಗದೆ ಬುಟ್ಟಿಯೊಳಗೆ ಮುಖವಿಟ್ಟು ಹೂವು ಹುಡುಕಿದೆ.

“ನನ್ನಜ್ಜ ಸ್ನಾನ ಮಾಡ್ದೆ ಅವರ ಮುಂದೆ ನಿಂತೋರಲ್ಲ. ನಮ್ಮಪ್ಪ ಅವರ ಮುಂದೆ ಕೆಮ್ಮಿದೋರಲ್ಲ. ನೀನು ಅವರನ್ನ ಕಕ್ಕಸಿಗೆ ಕಳ್ಸಿದೆ.” ಅಜ್ಜ ಬೀಗದಕೈಯನ್ನು ಸೊಂಟದೊಳಗೆ ಇನ್ನೂ ಆಳಕ್ಕೆ ತುರುಕಿಕೊಂಡರು. “ಆ ದನಿ ತೆಗೀದಿದ್ರೆ ಈ ಸಲ ಸ್ನಾನಾನೂ ಇಲ್ಲ, ಬಾಗಿಲೂ ತೆಗೆಯಲ್ಲ. ಬುಪಾತಿ ಬಂದು ಬೀಗಾನ ನೋಡ್ಕೊಂಡು ಹೋಗ್ಲಿ.”

ದನಿ ತೆಗೆದರೆ ವೆಬ್‌ಸೈಟ್ ಸತ್ತಿತು, ವಿನಾರ್ಸಿ ಪ್ಲಾಸ್ಟಿಕ್ಕಿಗೆ ಹೋದಳು. ತೆಗೆಯದಿದ್ದರೆ ಸ್ನಾನವಿಲ್ಲ, ಹಬ್ಬವಿಲ್ಲ. ನನ್ನ ಬಾಟಲಿಗಳ ಗತಿಯೂ ಅಷ್ಟೇ. ಹೀಗಾಗಿ ನಾನು ಧರ್ಮದ ಕಡೆ ಮಾತಾಡಬೇಕಾಯಿತು.

“ಅಜ್ಜ, ಮುಟ್ಟಿದ್ದು ತಪ್ಪಾ, ಮರ್ಯಾದೆ ಇಲ್ದೆ ಮುಟ್ಟಿದ್ದು ತಪ್ಪಾ?”

ಅಜ್ಜ ಯೋಚಿಸಿದರು. “ಮರ್ಯಾದೆಯಿಂದ ಬಂದೋರಿಗೆ ನಾನು ಯಾವತ್ತು ಬೇಡ ಅಂದಿದೀನಿ?”

“ಹಂಗಾದ್ರೆ ಮರ್ಯಾದೆ ಏನೇನು ಅಂತ ಈ ಹುಡುಗಿಗೆ ಹೇಳಿ. ಅವಳು ಅದನ್ನೂ ಒಳಗೆ ಹಾಕ್ತಾಳೆ.”

ಹಾಕುತ್ತೀಯಾ ಎಂದು ವಿನಾರ್ಸಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹಿರಿಯರಿಗೆ ಇಲ್ಲವೆನ್ನುವ ಬಾಯಿ ಅವಳಿಗಿಲ್ಲ. ಅಜ್ಜ ಹೇಳುತ್ತ ಹೋದರು, ಅವಳು ಮಾಡುತ್ತ ಹೋದಳು. ಕ್ಯಾಯಿಯ ದನಿಯನ್ನು ಫೋನಿನ ರಿಂಗಿಗೆ ಇಳಿಸಿಕೊಳ್ಳುವ ದಾರಿಯನ್ನೂ ಮುಚ್ಚಿದಳು. ಕಡೆಗೆ ಅಜ್ಜನೇ ಪರೀಕ್ಷೆಗೆ ಬಂದರು. ತಲೆಗೆ ಬಾತಿಕ್ ರುಮಾಲು ಸುತ್ತಿ, ಚಪ್ಪಲಿಯನ್ನು ಕಚೇರಿಯ ಹೊರಗೆ ಬಿಟ್ಟು, ಕಂಪ್ಯೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಪರದೆ ಮೊದಲು ‘ತಾವು ಪಾದರಕ್ಷೆ ಬಿಟ್ಟಿದ್ದೀರಾ?’ ಎಂದು ಕೇಳಿತು. ಆಮೇಲೆ ‘ಕಕ್ಕಸಿನಲ್ಲಿ ಇಲ್ಲ ತಾನೇ?’ ಎಂದಿತು. ಆಮೇಲೆ ಬುಟ್ಟಿಯಿಂದ ಒಂದು ಮಲ್ಲಿಗೆಯನ್ನು ಎಳೆದು ಕ್ಯಾಯಿಯ ಮುಂದೆ ಇಡಬೇಕು. ಬುಟ್ಟಿ ನನ್ನದೇ, ಹಿಂದೆ ನನ್ನ ಅಂಗಡಿಯ ಹಲಗೆ ಸ್ವಲ್ಪ ಕಾಣುವ ಹಾಗೆ ಫೋಟೊ ತೆಗೆಸಿದ್ದೆ.

“ಚಪ್ಪಲಿ ಹಾಕ್ಕೊಂಡೇ ಬಿಟ್ಟಿದೀನಿ ಅಂತ ಸುಳ್ಳು ಹೇಳಿದ್ರೆ?” ಎಂದರು ಅಜ್ಜ.

“ಇಲ್ಲಿಂದ ಕಾಲು ಕಾಣಲ್ಲ, ಅಜ್ಜ.”

“ಸುಳ್ಳು ಹೇಳಿದ್ರೆ ಹೊಟ್ಟೆ ನೋಯುತ್ತೆ ಅಂತ ಬರಿ.”

ವಿನಾರ್ಸಿ ಬರೆದಳು. “ಹಾಗಾಗದಿರಲಿ ಎಂದು ಹಾರೈಸುತ್ತೇವೆ” ಎಂದು ತನ್ನ ಕಡೆಯಿಂದ ಸೇರಿಸಿದಳು.

“ಇನ್ನು ರಾತ್ರಿ ಕ್ಯಾಯಿ ಮಲಗ್ತಾರೆ. ಸೋಮವಾರ ಮ್ಯೂಸಿಯಂ ರಜ, ಅವರಿಗೂ ರಜ. ಮಾತು ಕೊಡು.”

ವಿನಾರ್ಸಿ ಕೈಮುಗಿದು ಮಾತು ಕೊಟ್ಟಳು. ಪಾಕ್ ಹೆಂದಾರ್ತೊಗೆ ಇದು ತಿಳಿದಾಗ ಅವರ ಹೊಸ ಚಪ್ಪಲಿ ಗೋಡೆಗೆ ಬಡಿದ ಸದ್ದು ಗೇಟಿನವರೆಗೆ ಕೇಳಿಸಿತು. “ರಾತ್ರಿ ಬಾಗಿಲು ಹಾಕೋ ವೆಬ್‌ಸೈಟ್ ಲೋಕದಲ್ಲಿ ಎಲ್ಲಾದ್ರೂ ಇದೆಯೇನಮ್ಮ?”

“ಬೇರೆ ವೆಬ್‌ಸೈಟಲ್ಲಿ ಕ್ಯಾಯಿ ಇಲ್ಲವಲ್ಲ, ಪಾಕ್.”

ಅವರು ಹೆದರಿದಂತೆ ಮೊದಲು ಜನ ಕಡಿಮೆಯಾದರು. ಆಮೇಲೆ ಏನಾಯಿತೆಂದು ವ್ಯಾಪಾರ ಮಾಡಿದ ಯಾರಾದರೂ ಹೇಳಬಲ್ಲರು. ದಿನವಿಡೀ ತೆರೆದಿರುವ ಅಂಗಡಿಗೆ ನಾಳೆ ಹೋದರಾಯಿತು ಎನ್ನುತ್ತಾರೆ. ಅರ್ಧ ಬಾಗಿಲು ಹಾಕಿದ ಅಂಗಡಿಗೆ ಓಡಿ ಬರುತ್ತಾರೆ. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಜನ ಪರದೆಯ ಮುಂದೆ ಕಾಯತೊಡಗಿದರು. ಬರಿಗಾಲಿನ ಫೋಟೊ ತೆಗೆದು ಸಾಕ್ಷಿಗೆ ಕಳಿಸಿದರು. ಒಬ್ಬ ಕಾಲ್ಬೆರಳಿನ ಉಂಗುರವನ್ನೂ ಬಿಡಬೇಕೇ ಎಂದು ಕೇಳಿದ. ಸುರಿನಾಮಿನ ಮಾರ್ಲೀನ್ ಮಾತ್ರ ಒಂದು ಸಂಕಟ ತೋಡಿಕೊಂಡಳು: “ನಮಗೆ ಹಗಲಾದಾಗ ನಿಮಗೆ ರಾತ್ರಿ. ಯಾರ ರಾತ್ರಿ ಲೆಕ್ಕ?” ಅಜ್ಜ ತಡಮಾಡದೆ, “ಮಲಗೋರು ಎಲ್ಲಿದಾರೋ ಅಲ್ಲಿಂದು” ಎಂದರು. ಅಂದಿನಿಂದ ಅವಳು ಊಟ ಮುಗಿಸಿ, ಕಾಲು ತೊಳೆದು, ನಮ್ಮ ಬೆಳಗಿಗಾಗಿ ಎದ್ದಿರುತ್ತಾಳಂತೆ.

ಸುರೊ ಮೊದಲ ದಿನ ಬಂತು. ಅಜ್ಜ ಬಾಗಿಲು ತೆರೆದರು. ಕ್ಯಾಯಿಗೆ ಹೂವಿನ ನೀರಿನಲ್ಲಿ ಸ್ನಾನವಾಯಿತು. ನನ್ನ ಬಾಟಲಿಗಳು ಅಜ್ಜ ಮಂತ್ರ ಮುಗಿಸುವುದರೊಳಗೆ ಮಾರಿಹೋದವು. ಆಮೇಲೆ ಊಟ, ಅಡುಗೆಯವರ ಮೇಜು ನನ್ನ ಅಂಗಡಿಯ ಪಕ್ಕದಲ್ಲೇ ಇದ್ದುದರಿಂದ ಯಾರು ಏನು ತಿಂದರೆಂಬುದು ನನ್ನ ಕಣ್ಣಿಗೆ ಬೀಳುತ್ತಿತ್ತು. ಬುಪಾತಿಯವರು ಖಾರದ ಮೇಕೆ ಸಾರನ್ನು ಒಮ್ಮೆ ಹಾಕಿಸಿಕೊಂಡರು, ಹೊಗಳಿದರು, ಮತ್ತೆ ಹಾಕಿಸಿಕೊಂಡರು. ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು ಇನ್ನೊಮ್ಮೆ.

ಊಟವಾದ ಮೇಲೆ ಎಲ್ಲರೂ ಪರದೆಯ ಮುಂದೆ ಕೂತರು. ಪಾಕ್ ಹೆಂದಾರ್ತೊ ಭಾಷಣ ಮಾಡಿದರು. ಬುಪಾತಿಯವರು ಬೆರಳು ಚಾಚಿ ಕ್ಯಾಯಿಯ ಚಿತ್ರವನ್ನು ಮುಟ್ಟಿದರು. ಪರದೆಯ ಮೇಲೆ ದೊಡ್ಡ ಅಕ್ಷರಗಳು ಮೂಡಿದವು: ‘ಕ್ಷಮೆ ಇರಲಿ. ಇಂದು ಸೋಮವಾರ. ಕ್ಯಾಯಿಯವರು ವಿಶ್ರಾಂತಿಯಲ್ಲಿದ್ದಾರೆ. ನಾಳೆ ದಯಮಾಡಿಸಿ.’

ಹಬ್ಬದ ಸಡಗರದಲ್ಲಿ ವಾರ ಯಾವುದೆಂದು ಯಾರೂ ನೋಡಿರಲಿಲ್ಲ. ಪಾಕ್ ಹೆಂದಾರ್ತೊ ವಿನಾರ್ಸಿಯ ಕಿವಿಯ ಹತ್ತಿರ ಬಗ್ಗಿದರು, ಪಿಸುಮಾತು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು: “ಎಬ್ಬಿಸು! ಈಗ್ಲೇ ಎಬ್ಬಿಸು! ಇಲ್ದಿದ್ರೆ ನಾಳೆಯಿಂದ ನೋಂದಣಿ ಕಚೇರಿಗೆ ನಡಿ!”

ಎಬ್ಬಿಸಲು ಅವಳಿಗೆ ಒಂದು ಗುಂಡಿ ಸಾಕು. ಅವಳು ಗುಂಡಿಯನ್ನು ನೋಡಿದಳು. ಮೂಲೆಯಲ್ಲಿ ಒದ್ದೆ ಬಟ್ಟೆ ಹಿಂಡುತ್ತಿದ್ದ ತಿರ್ತೊ ಅಜ್ಜನನ್ನು ನೋಡಿದಳು. ಅಜ್ಜ ತಲೆ ಎತ್ತಲಿಲ್ಲ. ಹಿಂಡುವುದನ್ನು ಮಾತ್ರ ನಿಲ್ಲಿಸಿದರು.

ವಿನಾರ್ಸಿ ಬುಪಾತಿಯವರ ಮುಂದೆ ಹೋಗಿ, ಬಾಗಿ, ನಮ್ಮಲ್ಲಿ ದೊಡ್ಡವರೆದುರು ತೋರಿಸುವಂತೆ ಹೆಬ್ಬೆರಳಿನಿಂದ ಮೆಲ್ಲಗೆ ಪರದೆಯ ಕಡೆ ತೋರಿಸಿದಳು. “ತಾವು ಅಪ್ಪಣೆ ಕೊಟ್ರೆ ಎಬ್ಬಿಸ್ತೀನಿ, ಪಾಕ್. ಸ್ನಾನ ಆಗಿ ಈಗ ತಾನೇ ಮಲಗಿದಾರೆ. ಎಬ್ಬಿಸಿದೋರು ಯಾರು ಅಂತ ಕೇಳಿದ್ರೆ, ತಾವು ಅಂತ ಹೇಳ್ಬಹುದಾ?”

ಸುತ್ತ ಬಾಟಲಿ ಹಿಡಿದ ಜನ. ಬಾಟಲಿಯಲ್ಲಿ ಕ್ಯಾಯಿ ಮಿಂದ ನೀರು. ಬುಪಾತಿಯವರು ಚಾಚಿದ ಬೆರಳನ್ನು ನಿಧಾನವಾಗಿ ಹಿಂದಕ್ಕೆ ತೆಗೆದು, ಅದರಿಂದಲೇ ಮೀಸೆ ಸರಿಮಾಡಿಕೊಂಡರು.

“ಹಿರಿಯರನ್ನ ಎಬ್ಬಿಸೋಕೆ ನಾನ್ಯಾರಮ್ಮ?” ಎಂದು ನಕ್ಕರು. “ನಾಳೆ ಬಾ ಅಂತ ನನಗೆ ಹೇಳೋರು ಈ ಜಿಲ್ಲೆಯಲ್ಲಿ ಇನ್ನೂ ಒಬ್ರು ಇದಾರಲ್ಲ. ನಾಳೆ ಬರ್ತೀನಿ.”

ಜನ ಚಪ್ಪಾಳೆ ಹೊಡೆದರು. ಪಾಕ್ ಹೆಂದಾರ್ತೊ ಎಲ್ಲರಿಗಿಂತ ಜೋರಾಗಿ ಹೊಡೆದರು. ಆದರೆ ವಿನಾರ್ಸಿಯ ಕಡೆ ತಿರುಗಿ ನೋಡಲಿಲ್ಲ. ಕೆಲಸ ಹೋಯಿತೆಂದೇ ಅವಳು ತನ್ನ ಕಪ್ಪು ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಮಧ್ಯಾಹ್ನ ಬುಪಾತಿಯವರ ಕಾರು ನನ್ನ ಅಂಗಡಿಯ ಮುಂದೆ ನಿಂತಿತು. ಒಳಗಿದ್ದವನು ಡ್ರೈವರ್ ಮಾತ್ರ.

“ಅಮ್ಮ, ಎಲ್ಲಕ್ಕಿಂತ ದೊಡ್ಡ ಬುಟ್ಟಿ ಕೊಡಿ. ಸಾಹೇಬ್ರು ಬೆಳಗ್ಗೆ ಕಚೇರೀಲಿ ಕೂತು ಕ್ಯಾಯೀನ ನುಡಿಸಿದ್ರು.” ಅವನು ದನಿ ತಗ್ಗಿಸಿದ. “ಬೂಟು ಬಿಟ್ಟಿರ್ಲಿಲ್ಲ. ಬಿಟ್ಟಿದೀನಿ ಅಂತ ಒತ್ತಿದ್ರು. ಆವಾಗಿನಿಂದ ಹೊಟ್ಟೆ ಹಿಡ್ಕೊಂಡು ಒಳಗೇ ಇದಾರೆ.”

“ಒಳಗೆ ಅಂದ್ರೆ?”

“ಕಕ್ಕಸಲ್ಲಿ, ಅಮ್ಮ.”

ಆ ಸಂಜೆಯೊಳಗೆ ಜಿಲ್ಲಾ ಕಚೇರಿಯ ಅಷ್ಟೂ ಮೇಜುಗಳ ಕೆಳಗೆ ಬರಿಗಾಲುಗಳಿದ್ದವಂತೆ. ಸೋಮವಾರದ ಅವಮಾನಕ್ಕೆಂದು ಇಲಾಖೆ ಬರೆದಿಟ್ಟಿದ್ದ ವೆಬ್‌ಸೈಟ್ ಮುಚ್ಚುವ ಕಾಗದಕ್ಕೆ ಸಹಿ ಹಾಕಲು ಯಾವ ಅಧಿಕಾರಿಯೂ ಸಿಗಲಿಲ್ಲ. ಪ್ರತಿಯೊಬ್ಬರೂ ಪೆನ್ನನ್ನು ಪಕ್ಕದವರಿಗೆ ದಾಟಿಸಿದರು. ವಿನಾರ್ಸಿಯ ಕೆಲಸ ಉಳಿಯಿತು. ಅದನ್ನು ತಿಳಿಸಲು ಬಂದ ಪಾಕ್ ಹೆಂದಾರ್ತೊ ಅವಳ ಕೋಣೆಯ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಹೋದರು.

ಅವಳು ಮಡಿಸಿದ ಬಟ್ಟೆಯನ್ನು ಮತ್ತೆ ಹಾಸಿ, ನನ್ನಲ್ಲಿಗೆ ತೆಂಪೆ ತಿನ್ನಲು ಬಂದಳು. ಸ್ವಲ್ಪ ಹೊತ್ತು ಅಗಿದು, ನನ್ನ ಮುಖ ನೋಡಿದಳು.

“ಚಿಕ್ಕಮ್ಮ, ನಿನ್ನೆ ಬುಪಾತಿಯವರು ಆ ಮೇಕೆ ಸಾರು ಎಷ್ಟು ಸಲ ಹಾಕಿಸ್ಕೊಂಡ್ರು? ನೀವು ಇಲ್ಲೇ ಇದ್ರಲ್ಲ.”

“ನಾನು ಹೂವು ಕಟ್ತಿದ್ದೆ ಕಣೇ,” ಎಂದೆ. “ದೊಡ್ಡೋರ ತಟ್ಟೆ ನೋಡೋ ಅಭ್ಯಾಸ ನನಗಿಲ್ಲ.”